ಮುಕ್ಕು ಕಿವಿಯ ನಾಯಿ

ಮಡಿಕೆ ನಿಲ್ತಾ ಇಲ್ಲ, ಈ ಹಳದಿ ಹಾಳೆಗಳೇ ಹೀಗೆ, ಇಲಾಖೆಯವರು ಯಾವ ಅಂಗಡೀಲಿ ಹುಡುಕಿ ತರ್ತಾರೋ, ಉಜ್ಜಿದರೆ ಬಣ್ಣವೆಲ್ಲ ಉಗುರಿಗೆ — ಮಕ್ಕಳೇ, ಮೂಲೆಗೆ ಮೂಲೆ ಮುತ್ತು ಕೊಡಿಸಿ, ಹ್ಞಾ, ಈಗ ಏನಾಯ್ತು, ಸಮೋಸ ಆಯ್ತು ಮಿಸ್, ಆಗಲಿ ಸಮೋಸಾನೇ, ಅಂಗನವಾಡಿ ಚಾಪೆಯ ಮೇಲೆ ಹದಿನೆಂಟು ಮಕ್ಕಳು ಹದಿನೆಂಟು ಸಮೋಸ ಹಿಡಿದು ಕೂತಿವೆ, ಒಂದು ಆಗಲೇ ತನ್ನದನ್ನ ಕಚ್ಚಿ ನೋಡಿದೆ, ಬೇರೆ ದಿನ ಆಗಿದ್ದರೆ ಶಶಿರೇಖ ಟೀಚರು ನಗ್ತಾ ಇದ್ದಳು, ಇವತ್ತು ನಗು ಬರಲಿಲ್ಲ. ಇವತ್ತೇ ಕೊನೆ. ಸೋಮವಾರದಿಂದ ನವ್ಯ ರಾಬರ್ಟ್‌ಸನ್‌ಪೇಟೆಯ ಕಾನ್ವೆಂಟಿಗೆ, ವ್ಯಾನು ಬಾಗಿಲಿಗೇ ಬರುತ್ತಂತೆ, ಷೂ ಅಂತೆ, ಟೈ ಅಂತೆ, ನಾಕು ವರ್ಷದ ಕೂಸಿನ ಕುತ್ತಿಗೆಗೆ ಟೈ ಕಟ್ಟಿ ಏನು ಮಾಡ್ತಾರೋ, ಅಗೋ ಕಿಟಕಿ ಪಕ್ಕ ಕೂತಿದೆ, ನಾಲಿಗೆ ತುದಿ ಹೊರಗೆ ಹಾಕಿ ಮಡಿಸ್ತಾ ಇದೆ, ಥೇಟ್ ಶ್ರುತಿ — ಆ ಹೆಸರು ಯಾಕೆ ಬಂತು, ಮನಸ್ಸಿಗೆ ಬಂದರೆ ಬರಲಿ, ಬಾಯಿಗೆ ಬಂದು ಐದು ವರ್ಷ ಆಯ್ತಲ್ಲ. ನವ್ಯ ಶ್ರುತಿಯ ಮಗಳು, ಶ್ರುತಿ ಶಶಿರೇಖಳ ಮಗಳು, ಬಂಗಾರಪೇಟೆಯ ಈ ಬೀದೀಲಿ ಸೊಪ್ಪು ಮಾರೋಳಿಗೂ ಗೊತ್ತು, ಗೊತ್ತಿಲ್ಲದೇ ಇರೋದು ಆ ಕೂಸಿಗೆ ಒಂದಕ್ಕೇ, ಅದಕ್ಕೆ ಇವಳು ಮಿಸ್, ಬರೀ ಮಿಸ್.

ಎರಡು ತುದಿ ಕೆಳಗೆ ಬಗ್ಗಿಸಿ, ಇವೇ ನಾಯಿ ಕಿವಿ, ಇವತ್ತು ಎಲ್ಲರಿಗೂ ನಾಯೀನೇ, ಅಂತ ಬಾಯಿ ಹೇಳ್ತಾ ಇತ್ತು, ಕೈ ಮಾಡ್ತಾ ಇತ್ತು, ಮನಸ್ಸು ಮಾತ್ರ ಪೊಲೀಸ್ ಸ್ಟೇಷನ್ನಿನ ಮೆಟ್ಟಿಲ ಮೇಲೆ, ಎಲ್ಲಿ ಕಟ್ಟಿಹಾಕಿದರೂ ಹಗ್ಗ ಕಿತ್ಕೊಂಡು ಅಲ್ಲಿಗೇ ಹೋಗಿ ನಿಲ್ಲುತ್ತೆ, ದರಿದ್ರದ್ದು — ಮಗಳ ಮದುವೆಗೆ ಬೇತಮಂಗಲದವರ ಜೊತೆ ತಾಂಬೂಲ ಬದಲಾಯಿಸಿ ಹನ್ನೊಂದನೇ ದಿನ, ಏಳೇ, ಸೀರೆ ತೆಗೆಯೋಕೆ ಹೋಗಬೇಕು ಅಂತ ಕೂಗಿದರೆ ಹಾಸಿಗೆ ಖಾಲಿ, ಸಂಜೆಗೆ ಸ್ಟೇಷನ್ನಿಂದ ಫೋನು, ಹೋಗಿ ನೋಡಿದರೆ ಹಾರ ಹಾಕ್ಕೊಂಡು ನಿಂತಿದ್ದಾಳೆ, ಪಕ್ಕದಲ್ಲಿ ಡೈರೀಲಿ ಹಾಲು ಅಳೆಯೋ ಸುಧಾಕರ್, ಹಿಂದಿನ ಬೀದಿಯವನೇ, ದಿನಾ ನಮಸ್ಕಾರ ಟೀಚರ್ ಅಂತಿದ್ದೋನು, ನಮಸ್ಕಾರವಂತೆ, ಅವನ ಮೊಕ! ಜಾತಿ ಬೇರೆ, ಅದನ್ನ ಹೇಗೋ ನುಂಗ್ಕೋಬೋದಿತ್ತು, ಆದರೆ ಗಂಡ ಹೋದ ಮೇಲೆ ಒಂಟಿ ಹೆಂಗಸು ಹದಿನಾರು ವರ್ಷ ಸೆರಗಲ್ಲಿ ಕಟ್ಟಿ ಇಟ್ಕೊಂಡಿದ್ದ ಮಾನ, ಅಮ್ಮಾ ನಂಗೆ ಈ ಸಂಬಂಧ ಬೇಡ ಅಂತ ಬಾಯಿಬಿಟ್ಟು ಒಂದು ಮಾತು ಹೇಳೋಕಾಗಲಿಲ್ಲವಾ, ಹೇಳೋಕೆ ಬಂದಿದ್ದಳೇನೋ, ಒಂದ್ಸಲ ಪಾತ್ರೆ ತೊಳೀತಾ ಏನೋ ಶುರು ಮಾಡಿದ್ದಳು, ಆಮೇಲೆ ಕೇಳ್ತೀನಿ ಸುಮ್ನಿರೇ ಅಂದಿದ್ದೆ, ಆ ಆಮೇಲೆ ಬರಲೇ ಇಲ್ಲ, ಇರಲಿ, ಅದಲ್ಲ ಈಗ. ಇವಳು ನಿಮ್ಮ ಮಗಳೇನಮ್ಮಾ ಅಂತ ಎಸ್ಸೈ ಕೇಳಿದ, ಅಲ್ಲ ಅಂದಳು ಶಶಿರೇಖ, ನನ್ನ ಮಗಳು ಸತ್ತೋದಳು. ಅಂದು ಸುಮ್ಮನಾದಳಾ, ಮನೆಗೆ ಬಂದು, ಬೀದಿಯವರೆಲ್ಲ ನೋಡೋ ಹಾಗೆ ಅಂಗಳದಲ್ಲಿ ಕೂತು, ಸಾವಿನ ಮನೆಯಿಂದ ಬಂದವಳ ಹಾಗೆ ತಲೆ ಮೇಲೆ ಒಂದು ಬಿಂದಿಗೆ ತಣ್ಣೀರು ಹುಯ್ಕೊಂಡಳು. ಹುಯ್ಕೊಂಡ ನೀರನ್ನ ಒರೆಸ್ಕೋಬೋದು, ಆಡಿದ ಮಾತನ್ನ ಯಾವ ಬಟ್ಟೇಲಿ ಒರೆಸೋದು. ಸತ್ತಳು ಅಂದ ಮೇಲೆ ತಾನಾಗೇ ಹೋಗಿ ಮಾತಾಡಿಸಿದರೆ ಜನ ಮುಖಕ್ಕೆ ಉಗೀತಾರೆ, ಮೊದಲು ಅವಳು ಬರಲಿ, ಚಿಕ್ಕೋಳು ತಾನೇ.

ಅವಳು ಬರಲಿಲ್ಲ, ಮಗಳನ್ನ ಕಳಿಸಿದಳು. ಹೋದ ಜೂನಲ್ಲಿ ಅವಳ ಅತ್ತೆ ಆದಿಲಕ್ಷ್ಮಮ್ಮ ಈ ಕೂಸನ್ನ ತಂದು ಬಾಗಿಲಲ್ಲಿ ನಿಲ್ಲಿಸಿ, ಸೇರುಸ್ಕೊಳ್ಳಿ ಮೇಡಮ್ಮೋರೆ ಅಂದಾಗ ಶಶಿರೇಖ, ಹೊಟ್ಟೆ ಉರಿಸೋಕೇ ಕಳಿಸಿದ್ದಾಳೆ ಅಂದ್ಕೊಂಡಳು, ಅಂದ್ಕೊಂಡೇ ರಿಜಿಸ್ಟರಿನಲ್ಲಿ ತಾಯಿಯ ಹೆಸರಿನ ಕಡೆ ಶ್ರುತಿ ಅಂತ ಬರೆದಳು, ತಾನೇ ಇಟ್ಟ ಹೆಸರು, ತನ್ನದೇ ಅಕ್ಷರ. ಎತ್ತಿ ಮುದ್ದಾಡೋ ಹಾಗಿಲ್ಲ, ಅಜ್ಜಿ ಅನ್ನಿಸ್ಕೊಳ್ಳೋ ಹಾಗಿಲ್ಲ, ಎಲ್ಲರಿಗೂ ಒಂದು ಮೊಟ್ಟೆ ಆದರೆ ಇದಕ್ಕೂ ಒಂದೇ ಮೊಟ್ಟೆ, ಬೇರೆ ಏನಾದರೂ ಕೊಡೋಕೆ ಇದ್ದಿದ್ದು ಕಾಗದ. ಬೇರೆ ಮಕ್ಕಳು ಬೆಕ್ಕು, ಮೀನು, ಮೊಲ ತಗೊಂಡು ಹೋಗ್ತವೆ, ನವ್ಯ ಕೈಗೆ ಮಾತ್ರ ಪ್ರತಿ ಶನಿವಾರ ನಾಯಿ, ಎಡಗಿವಿಯ ತುದಿ ಉಗುರಷ್ಟು ಒಳಕ್ಕೆ ಮಡಿಸಿದ ಮುಕ್ಕು ಕಿವಿಯ ನಾಯಿ. ಕರಿಯ ಅಂತ ಒಂದಿತ್ತು ಮನೇಲಿ, ಬೀದಿ ನಾಯಿಗಳ ಜೊತೆ ಕಚ್ಚಾಡಿ ಕಿವಿ ತುದಿ ಕಳ್ಕೊಂಡಿತ್ತು, ಅದು ಸತ್ತ ದಿನ ಐದು ವರ್ಷದ ಶ್ರುತಿ ಅನ್ನ ಮುಟ್ಟಲಿಲ್ಲ, ಕ್ಯಾಲೆಂಡರ್ ಹಾಳೆ ಹರಿದು ನಾಯಿ ಮಾಡಿಕೊಟ್ಟರೆ, ಇದು ಕರಿಯ ಅಲ್ಲ, ಕಿವಿ ಪೂರ್ತಿ ಐತೆ ಅಂತ ಬಿಸಾಕಿದಳು, ತುದಿ ಮಡಿಸಿ ಕೊಟ್ಟೆ, ಆಗ ಬಾಯಿ ತೆರೆದಳು, ತುತ್ತು ಇಟ್ಟೆ. ಆ ಕಿವಿ ಗೊತ್ತಿರೋರು ಈ ಭೂಮಿ ಮೇಲೆ ಇಬ್ಬರೇ. ನೋಡಿದರೆ ಗೊತ್ತಾಗಬೇಕು, ಅದಕ್ಕಿಂತ ಇನ್ನೇನು ಹೇಳಬೇಕು ತಾಯಿಯಾದವಳು, ಹೀಗಂದ್ಕೊಂಡು ವರ್ಷವಿಡೀ ಮಡಿಸಿದಳು, ಆ ಕಡೆಯಿಂದ ಒಂದು ಹ್ಞಾ ಇಲ್ಲ, ಹ್ಞೂ ಇಲ್ಲ. ಒಂದ್ಸಲ ಅವರ ಗೇಟಿನ ಮುಂದೆ ಚರಂಡೀಲಿ ನೀಲಿ ಕಾಗದ ಬಿದ್ದಿತ್ತು, ನಿಂತು ಬಗ್ಗಿ ನೋಡಿದಳು, ನಾಯಿಯೋ ಚಾಕಲೇಟಿನ ಸಿಪ್ಪೆಯೋ, ನಾಯಿಯೇ, ಆ ಮುದುಕೀನೇ ಎಸೆದಿರಬೇಕು, ಮಗಳ ಕೈಗೆ ಮುಟ್ಟೋಕೇ ಬಿಟ್ಟಿಲ್ಲ.

ಕಣ್ಣು ಇಡಿ ಮಿಸ್, ನಂಗೆ ಮೊದಲು, ನಂಗೆ — ಅಕ್ಕಾ, ಅವರು ಬಂದವ್ರೆ, ಅಂದಳು ಸಹಾಯಕಿ ಕದಿರಮ್ಮ, ಕೈಯಲ್ಲಿ ಸಾಂಬಾರಿನ ಸೌಟು, ಬಾಗಿಲಲ್ಲಿ ಆದಿಲಕ್ಷ್ಮಮ್ಮ, ಚಪ್ಪಲಿ ಬಿಟ್ಟು ಒಳಗೇ ಬಂದಳು, ಯಾವತ್ತೂ ಬಂದೋಳಲ್ಲ, ಬಂದವಳು ಮೇಡಮ್ಮೋರೆ ಅನ್ನಲಿಲ್ಲ, ಬೀಗಿತ್ತಿ ಅಂದಳು, ಮೊದಲನೇ ಸಲ. ಉಡ್ಗೀನ ಕರ್ಕೊಂಡು ಓಗ್ತೀನಿ ಬೀಗಿತ್ತಿ, ಇಷ್ಟು ದಿನ ಚೆಂದಾಗಿ ನೋಡ್ಕೊಂಡ್ರಿ, ಕೊಡಮ್ಮ ನವ್ಯ ಅದನ್ನ — ನವ್ಯ ಬ್ಯಾಗಿನಿಂದ ಸೀರೆ ಅಂಗಡಿಯ ಕವರು ತೆಗೆದು ನೀಡ್ತು, ಅಮ್ಮ ಕೊಟ್ಟವ್ಳೆ ಮಿಸ್. ಒಳಗೆ ಕಾಗದ. ಹಳದಿ, ಹಸಿರು, ನೀಲಿ, ತಾನು ಮಡಿಸಿದ ಒಂದೊಂದು ನಾಯೀನೂ ಬಿಚ್ಚಿ, ಇಸ್ತ್ರಿ ಹಾಕಿ, ಒಂದರ ಮೇಲೆ ಒಂದು ಪೇರಿಸಿ, ಮಡಿಸಿದ್ದೇ ಸುಳ್ಳು ಅನ್ನೋ ಹಾಗೆ. ಅಮ್ಮ ಎಲ್ಲಾನೂ ಬಿಚ್ಚಿ ಬಿಚ್ಚಿ ನೋಡ್ತಾಳೆ ಮಿಸ್, ಒಳಗೆ ಏನೂ ಇಲ್ಲ ಅಂದ್ಲು. ಏನೂ ಇಲ್ಲವಂತೆ! ಮೈಯೆಲ್ಲ ಬೆಂಕಿ ಆಯ್ತು, ಅಂದರೆ ಅವಳ ಕೈಗೆ ಮುಟ್ಟಿತ್ತು, ಅಷ್ಟೂ ಮುಟ್ಟಿತ್ತು, ಮುದುಕಿ ಎಸೆದಿರಲಿಲ್ಲ, ಹೆತ್ತ ಮಗಳೇ ಕೂತು ಕರಿಯನ ಕಿವಿ, ಬಾಯಿ ಬಿಚ್ಚಿ, ಮೇಲೆ ಇಸ್ತ್ರಿಪೆಟ್ಟಿಗೆ ಎಳೆದು, ತಗೋ ನಿನ್ನ ಹಾಳೆ ಅಂತ ವಾಪಸ್ ಬಿಸಾಕಿದ್ದಾಳೆ. ಆದಿಲಕ್ಷ್ಮಮ್ಮ ಕಿವಿ ಹತ್ತಿರ ಬಗ್ಗಿ, ನಿಮ್ದೇನಾನ ಮಾತು ಇದ್ರೆ ಏಳಿ ಬೀಗಿತ್ತಿ, ನಾನು ಓಗಿ ಮುಟ್ಟುಸ್ತೀನಿ ಅಂದಳು. ಸತ್ತೋರಿಗೆ ಏನ್ರೀ ಮಾತು ಕಳಿಸೋದು, ಅಂದುಬಿಟ್ಟಳು ಶಶಿರೇಖ. ಅಷ್ಟೂ ಮಕ್ಕಳ ಮುಂದೆ, ಸ್ಟೇಷನ್ನಿನಲ್ಲಿ ಅಂದ ಅದೇ ಗಂಟಲಲ್ಲಿ. ಆದಿಲಕ್ಷ್ಮಮ್ಮ, ಆಯ್ತವ್ವ, ಅಂಗೇ ಏಳ್ತೀನಿ, ಅಂತ ಮಗೂನ ಕೈ ಹಿಡ್ಕೊಂಡು ಹೊರಟಳು, ಬೀಗಿತ್ತಿ ಅನ್ನಲಿಲ್ಲ, ನವ್ಯ ತಿರುಗಿ ತಿರುಗಿ ಟಾಟಾ ಮಿಸ್ ಅಂತು, ಇವಳ ಕೈ ಮೇಲೇಳಲಿಲ್ಲ.

ಚೆನ್ನಾಗಿ ಹೇಳಿದೆ, ಹಾಗೇ ಹೇಳಬೇಕಿತ್ತು, ಏನಂದ್ಕೊಂಡಿದ್ದಾಳೆ — ಮಕ್ಕಳು ಊಟಕ್ಕೆ ಸಾಲಾಗಿ ಕೂತಿವೆ, ರೈಲು ಕೂಗ್ತು, ಕದಿರಮ್ಮ ತಟ್ಟೆ ಹಂಚಿ ಬಂದು ಕವರಿನ ಹತ್ತಿರ ಕೂತಳು, ಒಳ್ಳೇ ಹಾಳೆ ಅಕ್ಕಾ, ಇನ್ನೊಂದು ಸಲ ಮಡುಸ್ಬೋದು, ಆದ್ರೆ ಇದೇನಕ್ಕಾ ಇದು, ಎಲ್ಲಾದ್ರಲ್ಲೂ ಒಂದು ಮೂಲೆ ಮಡಚೇ ಐತೆ, ಬಿಚ್ಚೋದು ಮರ್ತವ್ರೋ ಏನೋ, ಬಿಡಿಸ್ಲಾ? ಶಶಿರೇಖ ತಿರುಗಿದಳು. ಹಳದಿ ಹಾಳೆ, ಅಂಗೈ ಹಾಗೆ ನುಣ್ಣಗೆ, ಒಂದು ಮೂಲೆಯಲ್ಲಿ ಮಾತ್ರ ಉಗುರಷ್ಟು ಬಿಳೀ ಮಡಿಕೆ, ಎಡಗಿವಿಯ ತುದಿ. ಹಸಿರು ಹಾಳೆ, ಅಲ್ಲೂ. ನೀಲಿ, ಅಲ್ಲೂ. ಎಲ್ಲ ಬಿಚ್ಚಿದ್ದಾಳೆ, ಅದೊಂದನ್ನ ಬಿಚ್ಚಿಲ್ಲ, ಒಂದರಲ್ಲೂ ಬಿಚ್ಚಿಲ್ಲ, ಬಿಚ್ಚೋಕೆ ಮನಸ್ಸು ಬಂದಿಲ್ಲ, ಮೇಲೆ ಇಸ್ತ್ರಿ ಒತ್ತಿ ಕೂರಿಸಿದ್ದಾಳೆ — ಒಳಗೆ ಏನೂ ಇಲ್ಲ ಅಂದ್ಲು, ಅಯ್ಯೋ ನನ್ನ ಹಾಳು ಬುದ್ಧಿಯೇ, ಹುಡುಕಿದ್ದಾಳೆ, ಪ್ರತಿ ಶನಿವಾರ ಬಿಚ್ಚಿ ಹುಡುಕಿದ್ದಾಳೆ, ಅಮ್ಮ ಒಂದಕ್ಷರ ಬರೆದಿದ್ದಾಳಾ ಅಂತ, ಅಕ್ಷರ ಕಲಿಸೋಳು ನಾನು, ಒಂದಕ್ಷರ ಬರೀಲಿಲ್ಲ. ಬಿಡಿಸ್ಬೇಡ ಕದಿರೀ, ಮುಟ್ಟಬೇಡ, ಅಂದಳೋ ಅನ್ನಲಿಲ್ಲವೋ, ಎದ್ದು ಓಡಬೇಕು, ಹಿಂದಿನ ಬೀದಿ ಐದು ನಿಮಿಷದ ದಾರಿ, ಮಗು ನಡಿಗೆಗೆ ಆರು, ಆಗಲೇ ಅಷ್ಟಾಯ್ತು, ಈಗ ಗೇಟು ತೆಗೀತಿರಬೇಕು, ಈಗ ಅವಳು ಕೈ ಒರೆಸ್ಕೊಂಡು ಬಾಗಿಲಿಗೆ ಬಂದಿರಬೇಕು, ಏನಂದ್ಲು ಅತ್ತೇ, ಅಮ್ಮ ಏನಂದ್ಲು ಅಂತ ಕೇಳ್ತಿರಬೇಕು — ಕಾಲು ಏಳ್ತಾ ಇಲ್ಲ, ಕದಿರಮ್ಮ ಒಂದೊಂದೇ ಮೂಲೆ ಬಿಡಿಸಿ ಬೆರಳಲ್ಲಿ ತೀಡ್ತಾ ಇದ್ದಾಳೆ, ಮಡಿಕೆ ಹೋಗಲ್ಲ ಕಣಕ್ಕಾ ಇದು ಅಂತಿದ್ದಾಳೆ, ಬಿಟ್ಟ ಕೂಡಲೇ ಮತ್ತೆ ಬಗ್ಗುತ್ತೆ, ಉಗುರಷ್ಟು, ಬಿಳಿ, ಎಡಗಿವಿ.