ನಲವತ್ತೊಂದು ಮನೆಗಳ ಗುಟ್ಟು

ನಗರ ಯೋಜನೆಯ ಕಚೇರಿಯಲ್ಲಿ ನಕ್ಷೆ ಬರೆಯುವ ಪುಟ್ಟಿಗೆ ಮೂವತ್ತನಾಲ್ಕು ವರ್ಷ. ಹನ್ನೊಂದು ವರ್ಷದ ನೌಕರಿಯಲ್ಲಿ ಅವಳು ಬರೆದ ಒಂದೇ ಒಂದು ಬೀದಿಯೂ ಕಾಗದ ಬಿಟ್ಟು ನೆಲಕ್ಕಿಳಿದಿರಲಿಲ್ಲ. ಅದಕ್ಕೇ ಇರಬೇಕು, ಭಾನುವಾರದ ಆಟಕ್ಕೆಂದು ಊರೊಂದನ್ನು ಕಟ್ಟಲು ಕೂತವಳು ಮೈಮರೆತಳು.

ಆಟವೆಂದರೆ ಇಷ್ಟೇ: ಒಬ್ಬರು ಕಥೆ ನಡೆಸಬೇಕು, ಉಳಿದವರು ಅದರೊಳಗಿನ ಪಾತ್ರಗಳಾಗಿ ದಾಳ ಉರುಳಿಸುತ್ತಾ ಮುಂದೆ ಹೋಗಬೇಕು. ಕಥೆ ಪುಟ್ಟಿಯದು. ಆಡುವವರು ಅವಳ ಚಿಕ್ಕಮ್ಮ, ಚಿಕ್ಕಪ್ಪ ಮತ್ತು ಮಹಡಿ ಮೇಲಿನ ಹಲ್ಲಿನ ಡಾಕ್ಟರು.

ಎರಡು ತಿಂಗಳು ತಲೆ ಕೆಡಿಸಿಕೊಂಡು ಅವಳು ಕಟ್ಟಿದ್ದು ಬೆಟ್ಟದ ಮರೆಯಲ್ಲಿ ನಲವತ್ತೊಂದು ಮನೆಗಳ ಊರು. ಅಲ್ಲಿಯವರೆಲ್ಲ ಬೇಕೆಂದಾಗ ಮೃಗವೋ ಪಕ್ಷಿಯೋ ಆಗಬಲ್ಲವರು. ಹೊರಗಿನವರಿಗೆ ಅದು ತಿಳಿಯಕೂಡದು. ಹಾರಿ ಬರುವವರಿಗೆ ಅನುಕೂಲವಾಗಲೆಂದು ಕಿಟಕಿಗಳಿಗೆ ಸರಳಿಲ್ಲ. ಬಟ್ಟೆ ಹಗ್ಗದ ಕೆಳಗೆ ಒದ್ದೆ ಗರಿಗಳು. ರೂಪ ಬದಲಿಸಲು ಮೂರು ಪ್ರತಿಗಳಲ್ಲಿ ಅರ್ಜಿ ಬೇರೆ. ಅದನ್ನು ಕಚೇರಿಯಲ್ಲಿ ಪಳಗಿದ ಕೈ ತಾನಾಗಿಯೇ ಬರೆದಿತ್ತು. ಈ ಸುಳಿವುಗಳನ್ನೆಲ್ಲ ಹೆಕ್ಕಿ ಗುಟ್ಟು ಬಿಡಿಸಲು ಏನಿಲ್ಲವೆಂದರೂ ನಾಲ್ಕು ಭಾನುವಾರ ಬೇಕೆಂದು ಪುಟ್ಟಿಯ ಅಂದಾಜು.

ಹತ್ತು ನಿಮಿಷ ಸಾಕಾಯಿತು.

"ಊರ ಬಾಗಿಲಲ್ಲಿ ಕಾವಲುಗಾರ ನಗ್ತಾ ನಿಂತಿದಾನೆ," ಎಂದಳು ಪುಟ್ಟಿ.

"ನಗ್ತಿದಾನಾ? ಹಾಗಾದ್ರೆ ಹಲ್ಲು ಎಣಿಸ್ತೀನಿ," ಎಂದು ಡಾಕ್ಟರು ದಾಳ ಉರುಳಿಸಿದರು. ಬಿದ್ದದ್ದು ಇಪ್ಪತ್ತು, ಇಪ್ಪತ್ತು ಮುಖದ ಆ ದಾಳದ ಅತಿ ದೊಡ್ಡ ಅಂಕ. ಅದು ಬಿದ್ದರೆ ಕಥೆ ನಡೆಸುವವರು ಸುಳ್ಳು ಹೇಳುವಂತಿರಲಿಲ್ಲ.

ಪುಟ್ಟಿ ತನ್ನ ಟಿಪ್ಪಣಿ ನೋಡಿದಳು. "ನಲವತ್ತೆರಡು."

"ಮನುಷ್ಯನಿಗೆ ಮೂವತ್ತೆರಡು. ನಲವತ್ತೆರಡು ಇರೋದು ನಾಯಿಗೆ. ಮುಗೀತಲ್ಲ ಕಥೆ!"

ಗುಟ್ಟು ತಿಳಿದವರನ್ನು ಆ ಊರು ಜೀವಸಹಿತ ಬಿಡುವುದಿಲ್ಲ, ಅದು ಪುಟ್ಟಿಯೇ ಬರೆದ ನಿಯಮ. ಅವಳು ಊರಿನ ಹಿರಿಯಳಾಗಿ ದನಿ ದಪ್ಪ ಮಾಡಿಕೊಂಡು ಮರಣದಂಡನೆ ಓದತೊಡಗಿದಳು.

"ಯಾಕಮ್ಮಾ ಅಷ್ಟೆಲ್ಲ?" ಎಂದು ಚಿಕ್ಕಮ್ಮ ತಡೆದಳು. "ನಾನು ಬಾಯಿ ಬಿಡಲ್ಲ, ಡಾಕ್ಟರೂ ಬಿಡಲ್ಲ. ಇವರೊಬ್ಬರ ವಿಷಯ ಮಾತ್ರ ನನ್ನ ಕೇಳ್ಬೇಡಿ."

ಎಲ್ಲರೂ ನಕ್ಕರು. ಚಿಕ್ಕಪ್ಪನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲವೆಂದು ಇಡೀ ಬೀದಿಗೇ ಗೊತ್ತು. ಉಪ್ಪುಖಾರ ಬೆರೆಸಿ ಬಡಿಸುತ್ತಿದ್ದುದರಿಂದ ಯಾರೂ ಅವರ ಮಾತನ್ನು ನಂಬುತ್ತಿರಲಿಲ್ಲ, ಅಷ್ಟೆ.

ಚಿಕ್ಕಪ್ಪನಿಗೆ ರೋಷ ಬಂತು. "ನಗ್ಬೇಡಿ! ಗುಟ್ಟು ಕಾಯೋದು ನನಗೂ ಗೊತ್ತು. ಇಲಾಖೆ ಪರೀಕ್ಷೇಲಿ ಪುಟ್ಟಿ ಎರಡು ಸಲ ಫೇಲಾಗಿದ್ದನ್ನ ಮೂರು ವರ್ಷದಿಂದ ಯಾರಿಗಾದ್ರೂ ಹೇಳಿದೀನಾ?"

ಮೂವರೂ ಚಿಕ್ಕಪ್ಪನತ್ತ ತಿರುಗಿದರು.

"ಈಗ ಹೇಳಿದ್ದು ಲೆಕ್ಕಕ್ಕಿಲ್ಲ," ಎಂದರು ಚಿಕ್ಕಪ್ಪ, ಮೆಲ್ಲಗೆ.

ಪುಟ್ಟಿಯ ಕಿವಿ ಬಿಸಿಯಾಯಿತು. ಪರೀಕ್ಷೆ ಮುಂದಕ್ಕೆ ಹೋಗಿದೆ ಎಂದು ಎಲ್ಲರನ್ನೂ ನಂಬಿಸಿದ್ದೇನೆ ಎಂದುಕೊಂಡಿದ್ದಳು. ನಕ್ಷೆ ಮಡಚಿ ಎದ್ದಳು.

"ಕೂತ್ಕೋ ಕಣೇ," ಎಂದಳು ಚಿಕ್ಕಮ್ಮ. "ನನಗೆ ಗೊತ್ತಿತ್ತು. ಪಾಸಾದವರ ಪಟ್ಟಿ ನಿಮ್ಮಾಫೀಸಿನ ಗೋಡೇಲೇ ಇತ್ತಲ್ಲ."

"ನಾನೂ ನೋಡಿದ್ದೆ, ಕ್ಲಿನಿಕ್ ನಕ್ಷೆ ಮಂಜೂರಾತಿಗೆ ಅಲೀತಿದ್ದಾಗ," ಎಂದರು ಡಾಕ್ಟರು, ಕನ್ನಡಕ ಒರೆಸುತ್ತಾ.

"ಮತ್ತೆ ಒಬ್ಬರೂ ಹೇಳ್ಲಿಲ್ಲ?"

"ಮುಂದಕ್ಕೆ ಹೋಯ್ತು ಅಂತ ಅಷ್ಟು ಚೆನ್ನಾಗಿ ಹೇಳ್ತಿದ್ದೆ," ಎಂದಳು ಚಿಕ್ಕಮ್ಮ. "ಮಧ್ಯೆ ಬಾಯಿ ಹಾಕೋಕೆ ಮನಸ್ಸು ಬರ್ಲಿಲ್ಲ."

ಪುಟ್ಟಿಗೆ ಅಳು ಬಂದಂತಾಯಿತು, ಅದನ್ನು ಹಿಂದಿಕ್ಕಿ ನಗು ಬಂತು. ಮೂರು ವರ್ಷ ಇವರೆದುರು ಎಂಥ ಗಂಭೀರ ಮುಖ ಹೊತ್ತು ತಿರುಗಿದ್ದಳು! ನಕ್ಷೆ ಮತ್ತೆ ಹರಡಿದಳು. ಮರಣದಂಡನೆಯ ಸಾಲನ್ನು ರಬ್ಬರಿನಿಂದ ಉಜ್ಜಿ ಹಾಕಿದಳು.

ಚಿಕ್ಕಪ್ಪ ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡು ಕೂತಿದ್ದರು.

"ಚಿಕ್ಕಪ್ಪಾ, ಊರಿನವರು ತೀರ್ಮಾನ ಮಾಡಿದಾರೆ. ಇಲ್ಲಿ ರೂಪ ಬದಲಿಸೋರು ಇದಾರೆ ಅಂತ ನೀವೇ ಹೋಗಿ ಊರೂರಿಗೆ ಹೇಳ್ಬೇಕಂತೆ. ಆಮೇಲೆ ಯಾರು ಹೇಳಿದ್ರೂ ಜನ ನಂಬಲ್ವಂತೆ."

ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಚಿಕ್ಕಪ್ಪ ಕುರ್ಚಿ ತಿರುಗಿಸಿದರು. ಮುಖ ಅರಳಿತ್ತು.

"ನನ್ನೊಬ್ಬನಿಗೇನಾ ಈ ಹುದ್ದೆ?"

"ನಿಮ್ಮೊಬ್ಬರಿಗೇ."

ಪುಟ್ಟಿ ಪೆನ್ಸಿಲ್ ಚೂಪು ಮಾಡಿ, ಊರ ಬಾಗಿಲ ಪಕ್ಕದಲ್ಲಿ ಹೊಸದಾಗಿ ಒಂದು ಕೋಣೆ ಗೀಚತೊಡಗಿದಳು.

"ಕಿಟಕಿ ರಸ್ತೆ ಕಡೆಗಿರಲಿ," ಎಂದರು ಚಿಕ್ಕಪ್ಪ.