ಉಕ್ಕಿನ ಹಲ್ಲಿನ ವೇಗ

ಹೊಗಳುವವರನ್ನು ಕಂಡರೆ ಮೊಳೆರಾಯರಿಗೆ ಮೈಯೆಲ್ಲ ಉರಿಯುತ್ತಿತ್ತು. ಅವರದು ಸೋಫಾ ರಿಪೇರಿ ಅಂಗಡಿ. ‘ನಿಮ್ಮ ಕೈಲಿ ಜಾದೂ ಇದೆ’ ಎಂದು ಶುರು ಮಾಡುವ ಗಿರಾಕಿ ಕೊನೆಗೆ ಚೌಕಾಸಿಗೆ ಇಳಿದೇ ಇಳಿಯುತ್ತಾನೆ ಎಂಬುದು ಅವರ ಅನುಭವ. ಕೆಲಸ ಮಾಡುವಾಗ ತುಟಿಗಳ ನಡುವೆ ನಾಲ್ಕಾರು ಮೊಳೆ ಕಚ್ಚಿಕೊಂಡಿರುತ್ತಿದ್ದರಿಂದ ಬೀದಿಯವರು ಇಟ್ಟ ಹೆಸರು ಮೊಳೆರಾಯ. ಮೊಳೆ ಇಲ್ಲದಾಗಲೂ ಆ ಬಾಯಿಂದ ಬರುತ್ತಿದ್ದದ್ದು ಚುಚ್ಚುವಂಥದ್ದೇ.

ಆ ಮಧ್ಯಾಹ್ನ ಬಂದ ಗಡ್ಡದವನು ಸೋಫಾ ತಂದಿರಲಿಲ್ಲ. ಒಂದು ಕೈಯಲ್ಲಿ ಪೆಟ್ಟಿಗೆಯಂಥ ರೆಕಾರ್ಡ್ ಪ್ಲೇಯರ್, ಇನ್ನೊಂದರಲ್ಲಿ ‘ಉಕ್ಕಿನ ಹಲ್ಲು’. ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ ಮೊಳೆರಾಯರು ಡ್ರಮ್ಸ್ ಬಾರಿಸಿದ್ದ ಬ್ಯಾಂಡಿನ ಮೊದಲ ಮತ್ತು ಕೊನೆಯ, ಅಬ್ಬರದ ಹೆವಿ ಮೆಟಲ್ ಸಂಗೀತದ ಆಲ್ಬಂ. ಹೊದಿಕೆಯ ಮೇಲೆ ಅವರೇ ಬಿಡಿಸಿದ್ದ ತಲೆಬುರುಡೆ ಇನ್ನೂ ಹಲ್ಲು ಕಿರಿಯುತ್ತಿತ್ತು.

“ಸರ್, ಹಳೇ ಸಾಮಾನಿನ ಅಂಗಡೀಲಿ ಸಿಕ್ತು. ಇಂಟರ್‌ನೆಟ್ಟಿಗೆ ಹಾಕ್ದೆ, ಜನ ಹುಚ್ಚೆದ್ದು ಕೇಳ್ತಿದಾರೆ! ಇದೇ ರೆಕಾರ್ಡನ್ನ ಮತ್ತೆ ಅಚ್ಚು ಹಾಕಿಸ್ತಿದೀನಿ. ಮುಂದಿನ ತಿಂಗಳು ಹಾಲ್ ಬುಕ್ ಆಗಿದೆ. ನೀವೂ ನಿಮ್ಮ ಭಾವನೂ ಸ್ಟೇಜ್ ಹತ್ಬೇಕು.”

“ಭಾವ ಒಪ್ಕೊಂಡ್ರಾ?”

“ಅವರೇ ನಿಮ್ಮ ವಿಳಾಸ ಕೊಟ್ಟಿದ್ದು. ಇನ್ನೇನು ಬರ್ತಾರೆ.”

ಭಾವ ಆ ಬ್ಯಾಂಡಿನ ಗಾಯಕ. ಬ್ಯಾಂಡಿನಿಂದ ಯಾರಿಗಾದರೂ ಏನಾದರೂ ದಕ್ಕಿದ್ದರೆ ಅದು ಅವರಿಗೆ ಮೊಳೆರಾಯರ ಅಕ್ಕ ದಕ್ಕಿದ್ದು. ಅಲ್ಲಿಯವರೆಗೆ ‘ಲೋ’ ಎಂದು ಕರೆಸಿಕೊಳ್ಳುತ್ತಿದ್ದವನು ಒಂದೇ ದಿನದಲ್ಲಿ ‘ನೀವು’ ಆಗಿ ಕೂತದ್ದನ್ನು ಮೊಳೆರಾಯರು ಇನ್ನೂ ಮರೆತಿರಲಿಲ್ಲ.

ಗಡ್ಡದವನು ಸ್ಪಂಜಿನ ರಾಶಿಯ ಪಕ್ಕ ಜಾಗ ಮಾಡಿಕೊಂಡು ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ. ಸಿಡಿಲಿನಂತೆ ಬರಬೇಕಿದ್ದ ಡ್ರಮ್ಸು, ಮೊಣಕಾಲು ನೋವಿನ ಮುದುಕ ಮೆಟ್ಟಿಲಿಳಿಯುವ ಹಾಗೆ ಒಂದೊಂದೇ ಹೆಜ್ಜೆ ಹಾಕತೊಡಗಿತು. ಗಾಜು ಸೀಳುವಂತೆ ಕಿರುಚುತ್ತಿದ್ದ ಭಾವನ ದನಿ ಬಾವಿಯ ತಳದಿಂದ ನರಳಿತು. ಮೊಳೆರಾಯರು ಪ್ಲೇಯರಿನ ಗುಂಡಿ ನೋಡಿದರು. ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗಬೇಕಾದ ರೆಕಾರ್ಡನ್ನು ಈ ಮಹಾಶಯ ಮೂವತ್ತಮೂರಕ್ಕೆ ಇಟ್ಟಿದ್ದ!

“ಕೇಳಿ ಸರ್, ಎಂಥಾ ಭಾರ!” ಗಡ್ಡದವನು ಕಣ್ಣು ಮುಚ್ಚಿ ತಲೆದೂಗಿದ. “ಎಲ್ಲರೂ ವೇಗ ವೇಗ ಅಂತ ಸಾಯ್ತಿದ್ದ ಕಾಲದಲ್ಲಿ ನೀವು ನಿಧಾನ ಮಾಡಿದ್ರಲ್ಲ, ಅದಕ್ಕೆ ಎದೆಗಾರಿಕೆ ಬೇಕು. ನಮ್ಮ ಹುಡುಗ್ರು ನಿಮ್ಮನ್ನ ಮಂದಗತಿಯ ಆದಿಪುರುಷ ಅಂತಾರೆ.”

ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಮಾತಾಡುತ್ತಾ ಬೀದಿಗಿಳಿದು ದೂರ ಹೋದ.

ಕತ್ತೆ, ಅಂದುಕೊಂಡರು ಮೊಳೆರಾಯರು. ನಲವತ್ತು ವರ್ಷದ ಹಿಂದೆ ಪತ್ರಿಕೆಯವನೊಬ್ಬ ಇದೇ ತಪ್ಪು ವೇಗದಲ್ಲಿ ಕೇಳಿ ‘ಕೆಸರಿಂದ ಏಳಲಾರದ ಎಮ್ಮೆ’ ಎಂದು ಬರೆದಿದ್ದ. ಅದನ್ನು ಓದಿದವರು ರೆಕಾರ್ಡ್ ಮುಟ್ಟಲಿಲ್ಲ. ಅಂದು ಬೈದದ್ದೂ ಇಂದು ಹೊಗಳಿದ್ದೂ ಅದೇ ಎಮ್ಮೆಯನ್ನು. ಬೈದವನಿಗೂ ಕಿವಿ ಇರಲಿಲ್ಲ, ಹೊಗಳುವವನಿಗೂ ಇಲ್ಲ. ಇಂಥವರ ಚಪ್ಪಾಳೆಗೆ ಎಂಟಾಣೆ ಬೆಲೆಯೂ ಇಲ್ಲ ಎಂದು ಅವರಿಗೆ ನಗು ಬಂತು. ಆದರೆ ಬದುಕಿನಲ್ಲಿ ಅವರು ಯಾರಿಗೂ ತಲೆತಗ್ಗಿಸದೆ ಮಾಡಿದ ಕೆಲಸ ಅದೊಂದೇ, ಆ ವೇಗ. ಅದನ್ನು ಇದುವರೆಗೆ ಒಬ್ಬ ನರಪಿಳ್ಳೆಯೂ ಕೇಳಿರಲಿಲ್ಲ.

ಭಾವ ಬಂದರು. ಇಸ್ತ್ರಿ ಮಾಡಿದ ಅಂಗಿ, ಕಪ್ಪು ಮಾಡಿದ ಮೀಸೆ. ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗಿ ಕೂಗಿ ನಿವೃತ್ತರಾದ ಅವರ ದನಿ ಈಗ ಒಡೆದು, ತಗ್ಗಿ, ಗೊಗ್ಗರಾಗಿತ್ತು.

“ನೋಡಿ ಭಾವ, ನಿಮ್ಮ ಅಭಿಮಾನಿಯ ಬುದ್ಧಿವಂತಿಕೆ,” ಎಂದು ಮೊಳೆರಾಯರು ಗುಂಡಿಯನ್ನು ನಲವತ್ತೈದಕ್ಕೆ ತಿರುಗಿಸಿದರು.

ಅಂಗಡಿ ಬೆಚ್ಚಿಬಿತ್ತು. ಗಿಟಾರು ಗರಗಸವಾಯಿತು, ಇಪ್ಪತ್ತೆರಡರ ಹರೆಯದ ಭಾವ ಸೂರು ಹಾರಿಹೋಗುವಂತೆ ಕಿರುಚಿದರು. ಮೊಳೆರಾಯರಿಗೆ ತಡೆಯಲಾಗಲಿಲ್ಲ. ಎರಡು ಸುತ್ತಿಗೆಗಳನ್ನು ತಿರುಗಿಸಿ ಹಿಡಿದು, ಹಿಡಿಗಳಿಂದ ಸೋಫಾದ ತೋಳಿನ ಮೇಲೆ ಜೊತೆಗೂಡಿದರು. ನಾಲ್ಕು ಸಾಲು ಸರಿಯಾಗಿ ಹೋಯಿತು. ಐದನೆಯದಕ್ಕೆ ಬಲಮಣಿಕಟ್ಟು ಸೆಟೆದುಕೊಂಡು ಸುತ್ತಿಗೆ ನೆಲಕ್ಕೆ ಬಿತ್ತು. ರೆಕಾರ್ಡಿನೊಳಗಿನ ಹುಡುಗ ಅವರಿಗಾಗಿ ಕಾಯದೆ ಮುಂದೆ ಓಡಿದ.

ಭಾವ ಬಗ್ಗಿ ಸುತ್ತಿಗೆ ಎತ್ತಿಕೊಟ್ಟು ಪ್ಲೇಯರ್ ನಿಲ್ಲಿಸಿದರು.

“ಅವನು ತಪ್ಪು ವೇಗದಲ್ಲಿ ಕೇಳ್ತಿದಾನೆ ಅಂತ ನಂಗೆ ಮೊದಲ್ನೇ ದಿನವೇ ಗೊತ್ತಾಯ್ತು ಕಣೋ.”

“ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರಾ? ನಾಚಿಕೆ ಆಗಲ್ವಾ ನಿಮ್ಗೆ? ನಮ್ದಲ್ಲದ್ದಕ್ಕೆ ಚಪ್ಪಾಳೆ ಹೊಡೆಸ್ಕೊಳ್ಳೋದು!”

“ಆ ಗಂಟಲು ಈಗ ನನ್ಹತ್ರ ಇಲ್ಲ. ಮೂವತ್ಮೂರರಲ್ಲಿ ಹಾಡ್ತಾನಲ್ಲ, ಅವನ ಗಂಟಲಿದೆ. ದಿನಾ ಬಚ್ಚಲಲ್ಲಿ ಹಾಡಿ ನೋಡ್ತಿದೀನಿ, ಸರಿಯಾಗಿ ಕೂರುತ್ತೆ. ನಿಮ್ಮಕ್ಕನೂ ಬಾಗಿಲ ಹೊರಗೆ ನಿಂತು ಕೇಳ್ತಾಳೆ.”

“ಅಂದ್ರೆ ನನ್ನ ಕೈ ಸುಳ್ಳಾ?”

“ನಿನ್ನ ಕೈನ ಮುಚ್ಚಿ ಹಾಕಿದ್ದು ಯಾರೋ?” ಭಾವ ದನಿ ಏರಿಸಲಿಲ್ಲ, ಏರುತ್ತಲೂ ಇರಲಿಲ್ಲ. “ರೆಕಾರ್ಡಿನ ಲೇಬಲ್ ಪ್ರಿಂಟ್ ಮಾಡೋನು ವೇಗ ಎಷ್ಟು ಹಾಕ್ಲಿ ಅಂತ ಕೇಳ್ದಾಗ ಏನಂದೆ?”

ಮೊಳೆರಾಯರಿಗೆ ನೆನಪಿತ್ತು. ‘ಕಿವಿ ಇದ್ದೋನಿಗೆ ಗೊತ್ತಾಗುತ್ತೆ, ಕಿವಿ ಇಲ್ದೋನು ಕೇಳೋದೇ ಬೇಡ’ ಎಂದು ವೇಗವನ್ನೇ ಹಾಕಿಸಿರಲಿಲ್ಲ. ಅಂದು ಆ ಮಾತಿಗೆ ಬ್ಯಾಂಡಿನವರೆಲ್ಲ ಬಿದ್ದು ಬಿದ್ದು ನಕ್ಕಿದ್ದರು.

“ಪತ್ರಿಕೆಯವನ ಹತ್ರ ಹೋಗಿ ಒಂದ್ಮಾತು ಹೇಳೋಣ ಅಂತ ಕಾಲು ಹಿಡಿದೆ ನಾನು. ಅಂಥವನಿಗೆ ಏನು ಹೇಳೋದು ಅಂದೆ ನೀನು. ನಿನ್ನ ತಿರಸ್ಕಾರಕ್ಕೆ ನನ್ನ ಹಾಡು ಹೋಯ್ತು. ನಿಲ್ದಾಣದಲ್ಲಿ ಕೂತು ಬಸ್ ಕೂಗ್ದೆ. ಒಂದು ದಿನಾನೂ ನಿನ್ನ ಮುಂದೆ ಆ ಮಾತು ಆಡ್ಲಿಲ್ಲ. ಈಗ ಒಂದೇ ಒಂದು ಸಾಯಂಕಾಲ ಕೇಳ್ತಿದೀನಿ.”

ಮೊಳೆರಾಯರು ಮಣಿಕಟ್ಟು ನೀವಿಕೊಳ್ಳುತ್ತಾ ಬೋಳು ಸೋಫಾದ ಸ್ಪ್ರಿಂಗುಗಳನ್ನು ನೋಡುತ್ತಾ ನಿಂತರು. ತಾವು ಇಷ್ಟು ವರ್ಷ ಮೂಗು ಮುರಿದದ್ದು ಊರಿನ ಕಿವುಡರಿಗೆ, ಪೆಟ್ಟು ಬಿದ್ದದ್ದು ಮನೆಯವನಿಗೆ. ಅದು ಅವರಿಗೆ ಈಗ ತಿಳಿಯಿತು, ತಿಳಿದದ್ದಕ್ಕೂ ಸಿಟ್ಟು ಬಂತು.

ಗಡ್ಡದವನು ಫೋನ್ ಜೇಬಿಗಿಳಿಸುತ್ತಾ ಒಳಗೆ ಬಂದ.

“ಲೇಬಲ್ ಮುದ್ರಿಸೋನು ಕೇಳ್ತಿದಾನೆ ಸರ್. ಹಳೇದರ ಮೇಲೆ ವೇಗ ಹಾಕೇ ಇಲ್ಲ. ನಾನಂತೂ ಮೂವತ್ಮೂರರಲ್ಲೇ ಕೇಳಿದ್ದು. ಆದ್ರೂ ಒಂದ್ಸಲ ನಿಮ್ಮನ್ನ ಕೇಳಿಬಿಡೋಣ ಅಂತ. ಸರಿ ಅಲ್ವಾ?”

ಭಾವ ಅಂಗಿಯ ಗುಂಡಿ ಹಾಕಿ ತೆಗೆದು ಮಾಡುತ್ತಿದ್ದರು, ತಲೆ ಎತ್ತಲಿಲ್ಲ.

ಮೊಳೆರಾಯರು ಗಡ್ಡದವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇಂಥ ಮುಖಕ್ಕೆ ಉತ್ತರ ಕೊಡಬೇಕಾಗಿ ಬಂತಲ್ಲ ಎಂದು ಅವರ ತುಟಿ ಸೊಟ್ಟಗಾಯಿತು. “ಮೂವತ್ಮೂರು ಅಂತಲೇ ಹಾಕು,” ಎಂದರು. “ದಪ್ಪಕ್ಷರದಲ್ಲಿ ಹಾಕು. ಕಿವಿ ಇಲ್ದೋರಿಗೂ ಕಾಣ್ಲಿ.”

ಆಮೇಲೆ ನಾಲ್ಕು ಮೊಳೆ ಎತ್ತಿ ತುಟಿಗಳ ನಡುವೆ ಕಚ್ಚಿಕೊಂಡರು, ಇನ್ನೇನೂ ಹೇಳಬಾರದೆಂದು.