ಜಾಣ ಕುಡುಕನ ಮಗಳು

"ಕಣ್ಣೆದುರಿಗಿರೋ ಕತ್ತರಿ ಕೈಗೆ ಯಾಕೆ ಸಿಗ್ತಿಲ್ಲ?"

ಅಂಗಡಿಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಬಟ್ಟೆ ಹೊಲಿಯುವವಳು ಚಾಚಿದ ಕೈ ಕತ್ತರಿಯನ್ನು ದಾಟಿ ಹೋಗಿ ಗುಂಡಿಗಳ ಡಬ್ಬಿಯನ್ನು ಉರುಳಿಸಿತ್ತು. ಕಾಲು ಅಗಲಿಸಿ ನಡೆಯಬೇಕಾಗಿ ಬಂದಾಗ ವಯಸ್ಸೆಂದು ನಕ್ಕಿದ್ದಳು. ನಾಲಿಗೆ ತೊದಲಿದಾಗ ದಣಿವೆಂದುಕೊಂಡಿದ್ದಳು. ಗಿರಾಕಿಯ ಕೋಟಿನ ಬಟ್ಟೆಗೆ ಕತ್ತರಿ ಅಡ್ಡಾದಿಡ್ಡಿ ಬಿದ್ದ ದಿನ ಬಾಗಿಲೆಳೆದು ಆಸ್ಪತ್ರೆಗೆ ಹೋದಳು.

ಡಾಕ್ಟರಮ್ಮ ಅವಳ ಬೆರಳಿನಿಂದ ಒಮ್ಮೆ ತಮ್ಮ ಬೆರಳು, ಒಮ್ಮೆ ಅವಳದೇ ಮೂಗು ಮುಟ್ಟಿಸಿದರು, ನೇರ ಗೆರೆಯ ಮೇಲೆ ನಡೆಸಿದರು. ತಲೆಯ ಸ್ಕ್ಯಾನ್ ನೋಡಿ, ಹಿಂಬದಿಯ ಕಿರುಮೆದುಳು ಸವೆಯುತ್ತಿದೆ ಎಂದರು. ಕೈಕಾಲಿಗೆ ಬಲವಿರುತ್ತದೆ, ಆದರೆ ಎಷ್ಟು ಚಾಚಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಅಂದಾಜು ತಪ್ಪುತ್ತದೆ. ವಾಸಿ ಮಾಡುವ ಔಷಧಿಯಿಲ್ಲ, ಕೈಕಾಲು, ನಾಲಿಗೆ ಪಳಗಿಸುವ ಅಭ್ಯಾಸ ಮಾತ್ರ ಬಿಡಬಾರದು. ರಕ್ತಪರೀಕ್ಷೆಯಲ್ಲಿ ಇದು ವಂಶದಿಂದ ಬಂದದ್ದೆಂದೂ ತಿಳಿಯಿತು.

"ನಿಮ್ಮನೇಲಿ ಹೀಗೆ ತೂರಾಡೋರು ಯಾರಾದ್ರೂ ಇದ್ರಾ?"

ಇದ್ದರು. ಅಪ್ಪ. ಸಂಜೆ ಪದ್ಯ ಓದಲು ಕೂತರೆ ಬೀದಿಗೆ ಬೀದಿಯೇ ಕಿವಿಯಾಗುತ್ತಿದ್ದ ಮನುಷ್ಯ ನಡುವಯಸ್ಸಿಗೇ ತೊದಲಿದರು, ಗೋಡೆ ಹಿಡಿದು ನಡೆದರು. ಅಮ್ಮ ದಿನಾ ಬಾಯಿ ಮೂಸಿ ನೋಡುತ್ತಿದ್ದಳು. ವಾಸನೆಯೇ ಬರದಿದ್ದಾಗ, ಏನೋ ಜಗಿದು ಮುಚ್ಚಿಡುತ್ತಾರೆಂದು ತೀರ್ಮಾನವಾಯಿತು. ನೆರೆಹೊರೆ 'ಜಾಣ ಕುಡುಕ' ಎಂದು ಹೆಸರಿಟ್ಟಿತು. ಆಣೆ ಇಟ್ಟು ಇಟ್ಟು ಸೋತ ಅಪ್ಪ ಪದ್ಯ ಬಿಟ್ಟರು. ಆ ಹೆಸರನ್ನೇ ಹೊದ್ದು ಹೋದರು.

ಮಗಳು ಕೆಲಸ ಬಿಡಲಿಲ್ಲ. ಮೊಣಕೈಯನ್ನು ಮೇಜಿಗೆ ಒತ್ತಿಕೊಂಡು ಕತ್ತರಿಸುವುದನ್ನು ಕಲಿತಳು. ಬಟ್ಟೆ ಸರಿಯದಂತೆ ಕಬ್ಬಿಣದ ತುಂಡುಗಳನ್ನು ಹೇರಿದಳು. ನಾಲಿಗೆ ಪಳಗಲೆಂದು ಅಪ್ಪನ ಪದ್ಯಗಳನ್ನೇ ಗಟ್ಟಿಯಾಗಿ, ಆಮೆಯ ಹೆಜ್ಜೆಯಲ್ಲಿ ಹೇಳಿಕೊಂಡಳು. ಬಂದವರಿಗೆಲ್ಲ, ಅಪ್ಪನಿಗಿದ್ದುದೂ ಇದೇ ಕಾಯಿಲೆ, ಅವರು ಹನಿಯನ್ನೂ ಮುಟ್ಟಿದವರಲ್ಲ ಎಂದು ಹೇಳತೊಡಗಿದಳು.

ಸುದ್ದಿ ಕಿವಿಗೆ ಬಿದ್ದು ಅಣ್ಣ ಬಂದ. ಬೆಳೆದ ಇಬ್ಬರು ಮಕ್ಕಳ ತಂದೆ. ಅವಳ ಕೈ ನೋಡಿ ಮರುಗಿದ, ಸ್ಟೂಲನ್ನು ಹತ್ತಿರಕ್ಕೆಳೆದುಕೊಂಡ.

"ಅಪ್ಪ ಹೇಗೂ ಹೋದ್ರು, ಕುಡುಕ ಅಂತಲೇ ಇರಲಿ ಬಿಡಮ್ಮ. ಕುಡುಕನ ಮೊಮ್ಮಕ್ಕಳು ಅಂದ್ರೆ ಜನ ಮರೀತಾರೆ, ರೋಗದ ಮನೆ ಅಂದ್ರೆ ಮರೆಯಲ್ಲ. ನನ್ನ ಮಕ್ಕಳಿಗೂ ಇದು ಗೊತ್ತಾಗೋದು ಬೇಡ. ಕೈ ಮುಗೀತೀನಿ, ಸುಮ್ನಿದ್ದುಬಿಡು."

"ನಾಳೆ ಅವರು ತೂರಾಡಿದ್ರೆ, ಅವರ ಬಾಯೂ ಮೂಸ್ತೀಯಾ?"

ಅಣ್ಣ ಮುಗಿದ ಕೈಯನ್ನು ಇಳಿಸಲಿಲ್ಲ.

ಅವಳು ಅಂಗೈಯನ್ನು ಮೇಜಿನ ಮೇಲೇ ಜಾರಿಸಿಕೊಂಡು ಹೋಗಿ ಕತ್ತರಿ ಹಿಡಿದಳು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು:

"ಆಗಲ್ಲ ಅಣ್ಣ. ಸುಮ್ನಿರಲ್ಲ."